ಲಂಡನ್ ಪಾರ್ಕಿನ ಅಳಿಲು ಆ ಊರಿನದ್ದಲ್ಲ

ಲಂಡನ್ನಿಗೆ ಹೋಗಿ ಬಂದ ನಮ್ಮವರ ಫೋನಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಪಾರ್ಕಿನ ಹುಲ್ಲಿನ ಮೇಲೆ ಹಿಂಗಾಲಲ್ಲಿ ಎದ್ದು ನಿಂತ ದಪ್ಪ ಅಳಿಲು, ಎರಡೂ ಕೈಯಲ್ಲಿ ಹಿಡಿದ ಕಡಲೆಕಾಯಿ. "ಎಷ್ಟು ಧೈರ್ಯ ನೋಡಿ ಇದಕ್ಕೆ, ಕೈಯಿಂದಲೇ ಕಿತ್ಕೊಂಡು ತಿನ್ನುತ್ತೆ" ಅಂತ ವಿವರಣೆ ಬೇರೆ. ಬೆನ್ನ ಮೇಲೆ ರಾಮ ಎಳೆದ ಗೆರೆ ಇಲ್ಲ, ಮೈ ಬೂದು, ಹೊಟ್ಟೆ ಬಿಳಿ, ಬಾಲವಂತೂ ಮನೆ ಗುಡಿಸುವಷ್ಟು ದಪ್ಪ. ಕೆಂಪು ಬಸ್ಸಿನ ಹಾಗೆ ಈ ಅಳಿಲೂ ಲಂಡನ್ನಿನ ಗುರುತು ಅಂದುಕೊಂಡು ನಾವು ಫೋಟೋ ಹೊಡೆದುಕೊಳ್ಳುತ್ತೇವೆ.

ಬಸ್ಸೇನೋ ಆ ಊರಿನದ್ದೇ. ಅಳಿಲು ಮಾತ್ರ ಹಡಗು ಹತ್ತಿ ಬಂದದ್ದು. ಅದರ ತವರು ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳು. ಬ್ರಿಟನ್ನಿಗೆ ಅದರದ್ದೇ ಸ್ವಂತ ಅಳಿಲು ಬೇರೆ ಇದೆ. ತೂಕ ಇದರ ಅರ್ಧದಷ್ಟು, ಮೈ ಇಟ್ಟಿಗೆ ಬಣ್ಣ, ಚಳಿಗಾಲ ಬಂತೆಂದರೆ ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು. ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಅದನ್ನು ಕ್ರಿಸ್‌ಮಸ್ ಕಾರ್ಡಿನ ಮೇಲೆ ನೋಡಿದ್ದಾರೆಯೇ ಹೊರತು ಮರದ ಮೇಲೆ ನೋಡಿಲ್ಲ.

2018ರಲ್ಲಿ ಅಲ್ಲಿನ ಮ್ಯಾಮಲ್ ಸೊಸೈಟಿ ಬ್ರಿಟನ್ನಿನ ಸಸ್ತನಿಗಳ ಒಂದು ದೊಡ್ಡ ಅಂದಾಜು ಪಟ್ಟಿ ಹೊರತಂದಿತು. ಬೂದಳಿಲು ಸುಮಾರು 27 ಲಕ್ಷ. ಕೆಂಪಳಿಲು ಸುಮಾರು 2 ಲಕ್ಷ 87 ಸಾವಿರ. ಕೆಂಪು ಒಂದಿದ್ದರೆ ಬೂದು ಒಂಬತ್ತು. ಆ ಕೆಂಪಿನಲ್ಲೂ 2 ಲಕ್ಷ 39 ಸಾವಿರ ಸ್ಕಾಟ್ಲೆಂಡಿನಲ್ಲೇ ಇವೆ. ಇಡೀ ಇಂಗ್ಲೆಂಡಿಗೆ ಉಳಿದದ್ದು 39 ಸಾವಿರದಷ್ಟು, ವೇಲ್ಸ್‌ಗೆ 9 ಸಾವಿರ. ಎರಡು ವರ್ಷದ ನಂತರ, 2020ರಲ್ಲಿ, ಬ್ರಿಟನ್ನಿನ ಮಟ್ಟಿಗೆ ಕೆಂಪಳಿಲನ್ನು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು.

'ಬ್ರಿಟನ್ನಿನ ಮಟ್ಟಿಗೆ' ಅನ್ನುವುದನ್ನು ಒತ್ತಿ ಹೇಳಬೇಕು. ಇದೇ ಕೆಂಪಳಿಲು ಯುರೋಪಿನಿಂದ ಸೈಬೀರಿಯಾ ದಾಟಿ ಏಷ್ಯಾದ ಪೂರ್ವದ ತುದಿಯವರೆಗೂ ಇದೆ. ಜಗತ್ತಿನ ಲೆಕ್ಕದಲ್ಲಿ ಅದಕ್ಕೇನೂ ಆಗಿಲ್ಲ. ಹಾಗಾದರೆ ಇಷ್ಟೆಲ್ಲ ಗದ್ದಲ ಯಾಕೆ ಅಂತ ಕೇಳಬಹುದು. ಕೇಳುವವರು ಅಲ್ಲೂ ಇದ್ದಾರೆ. ಆ ಪ್ರಶ್ನೆಗೆ ಆಮೇಲೆ ಬರೋಣ.

ದೊಡ್ಡವರ ಶೋಕಿ

ದಾಖಲೆಯಲ್ಲಿ ಸಿಗುವ ಮೊದಲ ಹೆಸರು ಥಾಮಸ್ ಬ್ರಾಕಲ್‌ಹರ್ಸ್ಟ್ ಅನ್ನುವ ಸಿರಿವಂತನದ್ದು. 1876ರಲ್ಲಿ ಅಮೆರಿಕದಿಂದ ತಂದ ಒಂದು ಜೋಡಿಯನ್ನು ಅವನು ಚೆಷರ್‌ನ ಹೆನ್‌ಬರಿ ಪಾರ್ಕಿನಲ್ಲಿ ಬಿಟ್ಟ. ಆಗಿನ ಕಾಲಕ್ಕೆ ಅದು ತಪ್ಪೇನಲ್ಲ, ಹೆಮ್ಮೆಯ ವಿಷಯ. ಹೊರದೇಶದ ಗಿಡ, ಹಕ್ಕಿ, ಜಿಂಕೆಗಳನ್ನು ತಂದು ಎಸ್ಟೇಟಿನ ಅಂದ ಹೆಚ್ಚಿಸುವುದು ಶ್ರೀಮಂತರ ಹವ್ಯಾಸ. ನಮ್ಮಲ್ಲಿ ಮದುವೆಗೆ ಆನೆ ತರಿಸಿದ ಹಾಗೆ ಅನ್ನಿ. ವ್ಯತ್ಯಾಸ ಏನೆಂದರೆ ಆನೆ ಮದುವೆ ಮುಗಿದ ಮೇಲೆ ವಾಪಸ್ ಹೋಗುತ್ತದೆ.

ಬ್ರಾಕಲ್‌ಹರ್ಸ್ಟ್ ಹೆಸರು ಮೊದಲು ಬರುತ್ತದೆ ನಿಜ, ಆದರೆ ನಿಜವಾದ ಕೆಲಸ ಮಾಡಿದವನು ಬೆಡ್‌ಫರ್ಡ್‌ನ 11ನೇ ಡ್ಯೂಕ್ ಹರ್‌ಬ್ರಾಂಡ್ ರಸೆಲ್. 1890ರಲ್ಲಿ ನ್ಯೂಜೆರ್ಸಿಯಿಂದ ಬಂದ 10 ಅಳಿಲುಗಳನ್ನು ವೋಬರ್ನ್ ಅಬಿ ಅನ್ನುವ ತನ್ನ ಎಸ್ಟೇಟಿನಲ್ಲಿ ಬಿಟ್ಟ. ಅಲ್ಲಿಗೆ ನಿಂತಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ. ಅವು ಮರಿ ಹಾಕಿ ಹೆಚ್ಚಾದಾಗ ಸ್ನೇಹಿತರಿಗೆ, ನೆಂಟರಿಗೆ, ಪಾರ್ಕುಗಳಿಗೆ ಉಡುಗೊರೆಯಾಗಿ ಕಳಿಸುತ್ತಾ ಹೋದ. ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ, ಕ್ಯೂ ಗಾರ್ಡನ್ನಿಗೆ ಅವು ಸೇರಿದ್ದು 1905ರಿಂದ 1908ರ ಸುಮಾರಿಗೆ. 1929ರ ಹೊತ್ತಿಗೆ ದೇಶದಲ್ಲಿ ಸುಮಾರು 30 ಕಡೆ ಬೂದಳಿಲನ್ನು ಬೇಕೆಂದೇ ಬಿಟ್ಟಿದ್ದರು.

ಐರ್ಲೆಂಡಿನದ್ದು ಇನ್ನೂ ಚಂದ. 1911ರಲ್ಲಿ ಲಾಂಗ್‌ಫರ್ಡ್ ಕೌಂಟಿಯ ಕ್ಯಾಸಲ್ ಫೋರ್ಬ್ಸ್‌ನಲ್ಲಿ ಒಂದು ಮದುವೆ. ಉಡುಗೊರೆ ಅಂತ ಒಂದು ಬೆತ್ತದ ಬುಟ್ಟಿ ಬಂತು. ಬುಟ್ಟಿಯ ಮುಚ್ಚಳ ತೆಗೆದರೆ ಬೂದಳಿಲುಗಳು ಹಾರಿ ಹುಲ್ಲುಹಾಸು ದಾಟಿ ಕಾಡು ಸೇರಿದವು ಅಂತ ಅಲ್ಲಿನವರು ಹೇಳುತ್ತಾರೆ. ಬುಟ್ಟಿಯ ಭಾಗ ಎಷ್ಟು ನಿಜವೋ, ಅಲ್ಲಿಂದ ಅವು ಪೂರ್ವ ಐರ್ಲೆಂಡನ್ನೆಲ್ಲ ತುಂಬಿಕೊಂಡದ್ದಂತೂ ನಿಜ. ಪಶ್ಚಿಮಕ್ಕೆ ಶಾನನ್ ನದಿ ಅಡ್ಡ ಬಂತು.

ಬೂದಳಿಲು ಬಹಳ ಚುರುಕು, ತಾನಾಗಿಯೇ ದೇಶವೆಲ್ಲ ಹರಡಿತು ಅಂತ ಬಹಳ ಕಾಲ ಜನ ನಂಬಿದ್ದರು. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಝೂಲಾಜಿಕಲ್ ಸೊಸೈಟಿಯ ಸಂಶೋಧಕರು ಬೇರೆಬೇರೆ ಊರಿನ ಬೂದಳಿಲುಗಳ ಡಿಎನ್ಎ ಹೋಲಿಸಿ ನೋಡಿದರು. ಅಕ್ಕಪಕ್ಕದ ಊರಿನ ಅಳಿಲುಗಳು ನೆಂಟರಲ್ಲ, ಎಲ್ಲೋ ದೂರದ ಊರಿನವು ನೆಂಟರು. ಅಂದರೆ ಅವು ಕಾಲಲ್ಲಿ ನಡೆದು ಬಂದಿಲ್ಲ. ಪೆಟ್ಟಿಗೆಯಲ್ಲಿ, ರೈಲಿನಲ್ಲಿ, ಗಾಡಿಯಲ್ಲಿ ಮನುಷ್ಯರೇ ಒಯ್ದು ಬಿಟ್ಟದ್ದು. 'ಆಕ್ರಮಣಕಾರಿ ಬೂದಳಿಲು' ಅನ್ನುವ ಹೆಡ್‌ಲೈನ್ ಓದುವಾಗೆಲ್ಲ ನನಗೆ ಈ ಸಂಶೋಧನೆ ನೆನಪಾಗುತ್ತದೆ. ದಾಳಿ ಮಾಡಲು ಬಂದವನಿಗೆ ಟಿಕೆಟ್ ತೆಗೆಸಿಕೊಟ್ಟವರು ಯಾರು?

ಈ ಶೋಕಿಯ ಒಂದು ಎಳೆ ನಮ್ಮ ದೇಶಕ್ಕೂ ಬರುತ್ತದೆ. ನಮ್ಮ ಮನೆಯ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ. ಉತ್ತರ ಭಾರತದಲ್ಲಿ ಐದು ಗೆರೆಯ ಅಳಿಲಿದೆ, ಇದರ ಖಾಸಾ ನೆಂಟ. 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ಮೃಗಾಲಯದಲ್ಲಿ ಅದನ್ನು ಬಿಟ್ಟರು. ಅದು ಅಲ್ಲಿನ ತೋಟಗಳಲ್ಲಿ ಸಂಸಾರ ಹೂಡಿ, ಅಲ್ಲಿನ ಸರ್ಕಾರಕ್ಕೆ ತಲೆನೋವಾಯಿತು. ಯಾರ ಅಳಿಲು ಯಾರ ಊರಿನಲ್ಲಿ ಪೀಡೆ ಅನ್ನುವುದು ಯಾವ ಹಡಗು ಯಾವ ಕಡೆ ಹೊರಟಿತು ಅನ್ನುವುದರ ಮೇಲೆ ನಿಂತಿದೆ.

ಜಗಳವೇ ಆಡದೆ ಗೆಲ್ಲುವುದು

ಬೂದು ಕೆಂಪನ್ನು ಕಚ್ಚಿ ಕೊಲ್ಲುತ್ತದೆ ಅಂತ ಬ್ರಿಟನ್ನಿನಲ್ಲೂ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಎರಡೂ ಒಂದೇ ಕಾಡಿನಲ್ಲಿ ಎದುರಾದರೂ ಬಹುತೇಕ ಸುಮ್ನೆ ತಮ್ಮ ಪಾಡಿಗೆ ತಾವು ಹೋಗುತ್ತವೆ. ಆದರೂ ಬೂದು ಕಾಲಿಟ್ಟ ಕಾಡಿನಲ್ಲಿ ಸಾಮಾನ್ಯವಾಗಿ 15 ವರ್ಷದೊಳಗೆ ಕೆಂಪು ಇಲ್ಲವಾಗುತ್ತದೆ. ಅದು ಹೇಗೆ ಅನ್ನುವುದೇ ಈ ಕಥೆಯ ಸ್ವಾರಸ್ಯ.

ಮೊದಲನೆಯದು ಹೊಟ್ಟೆಯ ವಿಷಯ. ಓಕ್ ಮರದ ಕಾಯಿ ಭಾರಿ ಒಗರು. ಎಳೆ ಬಾಳೆಕಾಯಿ, ಹಸಿ ಅಡಿಕೆ ಕಚ್ಚಿದವರಿಗೆ ಒಗರು ಅಂದರೆ ಏನೆಂದು ಹೇಳಬೇಕಿಲ್ಲ. ಆ ಒಗರಿಗೆ ಕಾರಣವಾದ ವಸ್ತುಗಳು ಜೀರ್ಣಕ್ಕೆ ಅಡ್ಡಿ ಮಾಡುತ್ತವೆ. ಬೂದಳಿಲು ಹುಟ್ಟಿದ್ದೇ ಅಮೆರಿಕದ ಓಕ್ ಕಾಡಿನಲ್ಲಿ. ಅದರ ಹೊಟ್ಟೆಗೆ ಈ ಒಗರು ಅಭ್ಯಾಸ. ಕೆಂಪಳಿಲು ಅದೇ ಕಾಯಿ ತಿಂದರೆ ಅದರಲ್ಲಿ ಸುಮಾರು 60% ಮಾತ್ರ ಅರಗಿಸಿಕೊಳ್ಳುತ್ತದೆ. ಅಂದರೆ ಓಕ್ ಕಾಡಿನಲ್ಲಿ ಕೆಂಪಿಗೆ ನಿಜವಾದ ಊಟ ಹೇಜಲ್ ಅನ್ನುವ ಗಿಡದ ಕಾಯಿ. ಅದನ್ನೋ, ಬೂದಳಿಲು ಪೂರ್ತಿ ಬಲಿಯುವ ಮೊದಲೇ ಕಿತ್ತು ತಿಂದು ಮುಗಿಸುತ್ತದೆ. ಒಬ್ಬನಿಗೆ ಎರಡು ಅಂಗಡಿಯಲ್ಲಿ ಸಾಲ ಸಿಗುತ್ತದೆ, ಇನ್ನೊಬ್ಬನಿಗೆ ಒಂದೇ ಅಂಗಡಿ. ಆ ಒಂದು ಅಂಗಡಿಯನ್ನೂ ಮೊದಲನೆಯವನು ಬೆಳಗ್ಗೆಯೇ ಖಾಲಿ ಮಾಡಿಬಿಟ್ಟರೆ?

ಅದರ ಮೇಲೆ, ಕೆಂಪು ಚಳಿಗಾಲಕ್ಕೆಂದು ನೆಲದಲ್ಲಿ ಹೂತಿಟ್ಟ ಬೀಜವನ್ನೂ ಬೂದು ಹುಡುಕಿ ತೆಗೆಯುತ್ತದೆ. ಚಳಿ ಕಳೆದು ವಸಂತ ಬರುವಾಗ ಹೆಣ್ಣು ಕೆಂಪಳಿಲಿನ ಮೈಯಲ್ಲಿ ಕೊಬ್ಬು ಇರುವುದಿಲ್ಲ. ಮೈ ತುಂಬದ ಹೆಣ್ಣು ಮರಿ ಹಾಕುವುದು ಕಡಿಮೆ. ಹಾಕಿದ ಮರಿಗಳು ದೊಡ್ಡವಾಗುವುದು ಇನ್ನೂ ಕಡಿಮೆ. ದೊಡ್ಡವು ಹಾಗೇ ಓಡಾಡಿಕೊಂಡಿರುತ್ತವೆ, ಮುದಿಯಾಗಿ ಸಾಯುತ್ತವೆ, ಅವುಗಳ ಜಾಗಕ್ಕೆ ಮರಿಗಳು ಬರುವುದಿಲ್ಲ. ನೋಡುವವರಿಗೆ ಅಲ್ಲಿ ಏನೋ ಆಗುತ್ತಿದೆ ಅಂತ ಅನ್ನಿಸುವುದೂ ಇಲ್ಲ. ಶಾಲೆ ಮುಚ್ಚುವ ಮೊದಲು ಹಳ್ಳಿ ಹೇಗೆ ಖಾಲಿಯಾಗುತ್ತದೋ ಹಾಗೆ.

ಎರಡನೆಯದು ರೋಗ. ಅಳಿಲು ಸಿಡುಬು ಅನ್ನಬಹುದು, ಸ್ಕ್ವಿರಲ್‌ಪಾಕ್ಸ್ ಅನ್ನುವ ವೈರಸ್ಸು. ಬೂದಳಿಲು ಇದನ್ನು ಹೊತ್ತು ತಿರುಗುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಅದೇ ವೈರಸ್ಸು ಕೆಂಪಳಿಲಿಗೆ ತಗುಲಿದರೆ ಕಣ್ಣು, ಮೂಗು, ಬಾಯಿ, ಬೆರಳುಗಳ ಸುತ್ತ ಹುಣ್ಣಾಗುತ್ತದೆ. ರೆಪ್ಪೆ ಅಂಟಿಕೊಂಡು ಕಣ್ಣು ಕಾಣುವುದಿಲ್ಲ. ತಿನ್ನಲಾಗದೆ, ಮರ ಹತ್ತಲಾಗದೆ ಒಂದೆರಡು ವಾರದಲ್ಲಿ ಸಾಯುತ್ತದೆ. ಬರೀ ಊಟದ ಪೈಪೋಟಿ ಇದ್ದ ಕಡೆಗಿಂತ ಈ ವೈರಸ್ಸೂ ಇದ್ದ ಕಡೆ ಕೆಂಪು 17ರಿಂದ 25 ಪಟ್ಟು ವೇಗವಾಗಿ ಇಲ್ಲವಾಗುತ್ತದೆ ಅಂತ 2006ರ ಒಂದು ಅಧ್ಯಯನ ತೋರಿಸಿತು. 2008ರಲ್ಲಿ ಲಿವರ್‌ಪೂಲ್ ಹತ್ತಿರದ ಫಾರ್ಮ್‌ಬಿಯ ಪೈನ್ ಕಾಡಿನಲ್ಲಿ ಈ ರೋಗ ಬಂದಾಗ ಅಲ್ಲಿನ ಕೆಂಪಳಿಲುಗಳಲ್ಲಿ ಹತ್ತಕ್ಕೆ ಎಂಟಕ್ಕೂ ಜಾಸ್ತಿ ಸತ್ತವು. ಉಳಿದವುಗಳಲ್ಲಿ ಕೆಲವಕ್ಕೆ ರೋಗದ ವಿರುದ್ಧ ಪ್ರತಿಕಾಯಗಳಿದ್ದವು, ಅಂದರೆ ತಗುಲಿದ್ದರೂ ಬದುಕಿದ್ದವು. ಅದೊಂದು ಸಣ್ಣ ಆಸೆ. ಸುತ್ತಮುತ್ತ ಬೂದಳಿಲನ್ನು ತೆಗೆಯುತ್ತಾ ಬಂದಂತೆ ಆ ಕಾಡು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಚೇತರಿಸಿಕೊಂಡಿತು ಕೂಡ.

ಎಲ್ಲ ರೋಗವನ್ನೂ ಬೂದಿನ ತಲೆಗೆ ಕಟ್ಟುವ ಹಾಗಿಲ್ಲ. ದಕ್ಷಿಣದ ಬ್ರೌನ್‌ಸೀ ದ್ವೀಪದಲ್ಲಿ ಬೂದಳಿಲೇ ಇಲ್ಲ. ಅಲ್ಲಿನ ಕೆಂಪಳಿಲುಗಳಿಗೆ ಕುಷ್ಠ ಇದೆ. 2016ರಲ್ಲಿ ಪರೀಕ್ಷಿಸಿದಾಗ ಅದು ಮಧ್ಯಯುಗದ ಇಂಗ್ಲೆಂಡಿನ ಜನರನ್ನು ಕಾಡಿದ್ದ ಕುಷ್ಠದ ತಳಿಗೆ ತೀರಾ ಹತ್ತಿರದ್ದು ಅಂತ ಗೊತ್ತಾಯಿತು. ಮನುಷ್ಯರಲ್ಲಿ ಆ ದೇಶದಿಂದ ಶತಮಾನಗಳ ಹಿಂದೆಯೇ ಮಾಯವಾದ ರೋಗ ಅಳಿಲಿನ ಕಿವಿಯಲ್ಲಿ ಕೂತಿದೆ.

ಅಮೆರಿಕದ ಮರ, ಇಂಗ್ಲೆಂಡಿನ ಅಳಿಲು

ಇಂಗ್ಲೆಂಡಿನಲ್ಲಿ ಕೆಂಪಳಿಲು ಎಲ್ಲಕ್ಕಿಂತ ಜಾಸ್ತಿ ಉಳಿದಿರುವುದು ಉತ್ತರದ ನಾರ್ಥಂಬರ್ಲೆಂಡಿನ ಕೀಲ್ಡರ್ ಕಾಡಿನಲ್ಲಿ. ಹೆಸರಿಗೆ ಕಾಡು, ಅಸಲಿಗೆ ನೆಡುತೋಪು. 20ನೇ ಶತಮಾನದಲ್ಲಿ ಮರಮಟ್ಟಿಗೆಂದು ಸರ್ಕಾರ ಸಾಲುಸಾಲಾಗಿ ನೆಟ್ಟ, ಸೂಜಿಯಂಥ ಎಲೆಯ ಕೋನಿಫರ್ ಮರಗಳು. ಅದರಲ್ಲಿ ಮುಕ್ಕಾಲು ಪಾಲು ಸಿಟ್ಕಾ ಸ್ಪ್ರೂಸ್. ನಮ್ಮ ಮಲೆನಾಡಿನಲ್ಲಿ ಅಕೇಶಿಯಾ ತೋಪು ನೋಡಿದವರಿಗೆ ಆ ಚಿತ್ರ ಕಣ್ಣ ಮುಂದೆ ಬರುತ್ತದೆ. ಪರಿಸರದವರು ಮೂಗು ಮುರಿಯುವ ಕಾಡು.

ಸಿಟ್ಕಾದ ಬೀಜ ತೀರಾ ಸಣ್ಣದು. ಕೆಂಪಳಿಲಿಗೂ ಅದು ಬಡವರ ಗಂಜಿಯೇ, ಆದರೆ 300 ಗ್ರಾಂ ದೇಹಕ್ಕೆ ಹೇಗೋ ಸಾಲುತ್ತದೆ. ಅರ್ಧ ಕಿಲೋ ದಾಟುವ ಬೂದಳಿಲಿಗೆ ಸಾಲುವುದಿಲ್ಲ. ಹಾಗಾಗಿ ಬೂದು ಅಲ್ಲಿ ನೆಲೆ ನಿಲ್ಲುವುದು ಕಷ್ಟ. ಈಗ ಇನ್ನೊಂದು ವಿಷಯ ಸೇರಿಸಿಕೊಳ್ಳಿ. ಸಿಟ್ಕಾ ಕೂಡ ಅಮೆರಿಕದ್ದು, ಅಲ್ಲಿನ ಪಶ್ಚಿಮ ಕರಾವಳಿಯದ್ದು. ಓಕ್ ಬ್ರಿಟನ್ನಿನ ಮಣ್ಣಿನ ಮರ. ಬ್ರಿಟನ್ನಿನ ಮರ ಅಮೆರಿಕದ ಅಳಿಲನ್ನು ಸಾಕುತ್ತಿದೆ, ಅಮೆರಿಕದ ಮರ ಬ್ರಿಟನ್ನಿನ ಅಳಿಲನ್ನು ಕಾಯುತ್ತಿದೆ.

ಇದು ಬರೀ ತಮಾಷೆಯ ಮಾತಲ್ಲ, ಅಲ್ಲಿನ ಅರಣ್ಯ ನೀತಿಯ ಗಂಟು. ಹವಾಮಾನ, ಜೀವವೈವಿಧ್ಯ ಅಂತ ಎಲ್ಲ ಕಡೆ ಸ್ಥಳೀಯ ಅಗಲ ಎಲೆಯ ಮರಗಳನ್ನು, ಓಕ್, ಬೀಚ್, ಹೇಜಲ್‌ಗಳನ್ನು ನೆಡಬೇಕು ಅನ್ನುತ್ತಾರೆ. ಮಾತು ಸರಿಯೇ. ಆದರೆ ಕೆಂಪಳಿಲಿನ ಕೊನೆಯ ಕೋಟೆಗಳ ಪಕ್ಕ ಓಕ್ ನೆಟ್ಟರೆ ಬೂದಳಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಇನ್ನೊಂದು ಕಡೆ, ನೆಟ್ಟ ಓಕ್, ಬೀಚ್ ಮರಗಳ ತೊಗಟೆಯನ್ನು ಬೂದಳಿಲೇ ಸುಲಿಯುತ್ತದೆ. 10ರಿಂದ 40 ವರ್ಷದ ಮರಗಳೆಂದರೆ ಅದಕ್ಕೆ ಇಷ್ಟ. ಸುತ್ತಲೂ ತೊಗಟೆ ಹೋದರೆ ಅದರ ಮೇಲಿನ ಭಾಗ ಒಣಗುತ್ತದೆ, ಬದುಕಿದರೂ ಮರ ಸೊಟ್ಟಗಾಗಿ ಬೆಲೆ ಕಳೆದುಕೊಳ್ಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ನಷ್ಟ ವರ್ಷಕ್ಕೆ 3.7 ಕೋಟಿ ಪೌಂಡ್ ಅಂತ ರಾಯಲ್ ಫಾರೆಸ್ಟ್ರಿ ಸೊಸೈಟಿ 2021ರಲ್ಲಿ ಅಂದಾಜು ಮಾಡಿತು. ಮುದ್ದು ಕೆಂಪಳಿಲಿಗಾಗಿ ಕರಗದ ಎಷ್ಟೋ ಜಮೀನುದಾರರು ಬೋನು ಕೈಗೆತ್ತಿಕೊಂಡದ್ದು ಈ ತೊಗಟೆಗಾಗಿ. ನನ್ನ ಪ್ರಕಾರ ಈ ಹೋರಾಟಕ್ಕೆ ಇಷ್ಟು ದಿನ ಹಣ ಹರಿದು ಬರುತ್ತಿರುವುದರಲ್ಲಿ ಅಳಿಲಿನ ಪಾಲಿಗಿಂತ ಮರದ ಪಾಲು ಕಡಿಮೆಯೇನಿಲ್ಲ.

ಬಾಲಕ್ಕೊಂದು ಶಿಲ್ಲಿಂಗ್

1937ರಲ್ಲಿ ಬೂದಳಿಲನ್ನು ತರುವುದನ್ನೂ ಸಾಕುವುದನ್ನೂ ನಿಷೇಧಿಸಿದರು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ. 1953ರಲ್ಲಿ ಸರ್ಕಾರ ಇನಾಮು ಘೋಷಿಸಿತು: ಒಂದು ಬಾಲ ತಂದರೆ ಒಂದು ಶಿಲ್ಲಿಂಗ್. ಮುಂದೆ ಅದನ್ನು ಎರಡು ಶಿಲ್ಲಿಂಗ್ ಮಾಡಿದರು. 1958ರಲ್ಲಿ ನಿಲ್ಲಿಸುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾಲಗಳಿಗೆ ದುಡ್ಡು ಕೊಟ್ಟಾಗಿತ್ತು. ಬೂದಳಿಲು ಕಡಿಮೆಯಾಗಲಿಲ್ಲ, ಹೊಸ ಜಾಗಗಳಿಗೆ ಹರಡುತ್ತಲೇ ಇತ್ತು.

ಯಾಕೆ ಸೋತಿತು ಅನ್ನುವುದು ಸರಳ. ಬಾಲಕ್ಕೆ ದುಡ್ಡು ಅಂದರೆ ಜನ ಅಳಿಲು ಜಾಸ್ತಿ ಇರುವ ಕಡೆ ಹೋಗುತ್ತಾರೆ, ಸುಲಭವಾಗಿ ಸಿಗುವಷ್ಟು ಹೊಡೆಯುತ್ತಾರೆ, ಕಡಿಮೆಯಾದ ಕೂಡಲೇ ಬೇರೆ ಕಡೆ ಹೋಗುತ್ತಾರೆ. ಕೊನೆಯ ಹತ್ತು ಅಳಿಲಿನ ಹಿಂದೆ ದಿನಗಟ್ಟಲೆ ಅಲೆಯಲು ಯಾರಿಗೂ ಲಾಭವಿಲ್ಲ. ಆ ಕೊನೆಯ ಹತ್ತೇ ಮುಖ್ಯ. ಅವು ಮುಂದಿನ ವರ್ಷ ಮತ್ತೆ ಕಾಡು ತುಂಬಿಸುತ್ತವೆ. ಖಾಲಿಯಾದ ಜಾಗಕ್ಕೆ ಪಕ್ಕದ ಕಾಡಿನವೂ ಬರುತ್ತವೆ.

ಇಲ್ಲಿ ಇನ್ನೊಂದು ಹಳೆಯ ಪುಟ ತಿರುಗಿಸಲೇಬೇಕು. 1903ರಲ್ಲಿ ಸ್ಕಾಟ್ಲೆಂಡಿನ ಉತ್ತರದಲ್ಲಿ ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್ ಅಂತ ಒಂದು ಸಂಘ ಹುಟ್ಟಿತು. ಅದರ ಕೆಲಸ ಅಳಿಲು ಕೊಲ್ಲುವುದು. ಬೂದಳಿಲಲ್ಲ, ಕೆಂಪಳಿಲು. ಪೈನ್ ಮರಗಳನ್ನು ಹಾಳು ಮಾಡುತ್ತವೆ ಅಂತ ಮೂವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಹೆಚ್ಚು ಕೆಂಪಳಿಲುಗಳನ್ನು ಕೊಂದರು. ಅದಕ್ಕೂ ಹಿಂದೆ, 18ನೇ ಶತಮಾನದಲ್ಲಿ, ಕಾಡು ಕಡಿದು ಕಡಿದು ಸ್ಕಾಟ್ಲೆಂಡಿನಲ್ಲಿ ಕೆಂಪಳಿಲು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಆಗಿನ ಜಮೀನುದಾರರು ಇಂಗ್ಲೆಂಡಿನಿಂದ, ಸ್ಕ್ಯಾಂಡಿನೇವಿಯಾದಿಂದ ತಂದು ಬಿಟ್ಟರು. ಇವತ್ತು 'ನಮ್ಮ ಮಣ್ಣಿನ ಅಳಿಲು' ಅಂತ ಸ್ಕಾಟ್ಲೆಂಡ್ ಎದೆಗೆ ಅವಚಿಕೊಂಡಿರುವ ಅಳಿಲಿನಲ್ಲಿ ಒಂದಷ್ಟು ಪಾಲು ಹೀಗೆ ಹೊರಗಿನಿಂದ ಬಂದದ್ದೇ. ಬೂದಳಿಲಿನ ಪರ ವಾದಿಸುವವರು ಈ ಪುಟವನ್ನು ಬಿಡದೆ ಓದುತ್ತಾರೆ. ಅವರ ಮಾತಲ್ಲಿ ಹುರುಳಿದೆ. ಪ್ರೀತಿ ಹುಟ್ಟಿದ್ದು ಕಾಣೆಯಾಗಲು ಶುರುವಾದ ಮೇಲೆಯೇ.

ಆದರೂ ನಾನು ಕೆಂಪಿನ ಕಡೆಗೇ ವಾಲುತ್ತೇನೆ. ಸೈಬೀರಿಯಾದಲ್ಲಿ ಬೇಕಾದಷ್ಟು ಇವೆ ಅನ್ನುವ ವಾದಕ್ಕೆ ನನ್ನ ಉತ್ತರ ಇಷ್ಟೇ: ಕೆರೆ ಒಣಗಿದ ಊರಿನವರಿಗೆ ಪಕ್ಕದ ತಾಲೂಕಿನಲ್ಲಿ ನೀರಿದೆ ಅಂದರೆ ಸಮಾಧಾನ ಆಗುತ್ತದಾ? ಅದೂ ಅಲ್ಲದೆ, ಬೂದಳಿಲು ಬ್ರಿಟನ್ನಿನಲ್ಲಿ ಇಲ್ಲವಾದರೂ ಅಮೆರಿಕದಲ್ಲಿ ಹಾಯಾಗಿರುತ್ತದೆ. ಕೆಂಪಿಗೆ ಆ ದ್ವೀಪದಲ್ಲಿ ಬೇರೆ ಜಾಗವಿಲ್ಲ.

ಆಂಗಲ್‌ಸೀ ಕಲಿಸಿದ ಪಾಠ

ವೇಲ್ಸ್‌ನ ವಾಯುವ್ಯ ಮೂಲೆಯಲ್ಲಿ ಆಂಗಲ್‌ಸೀ ದ್ವೀಪ ಇದೆ. 700 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ದೊಡ್ಡದು. ನಡುವೆ ಮೆನಾಯ್ ಅನ್ನುವ ಕಿರಿದಾದ ಜಲಸಂಧಿ, ಮೇಲೆ ಎರಡು ಸೇತುವೆ. 1960ರ ದಶಕದಲ್ಲಿ ಬೂದಳಿಲು ಅಲ್ಲಿಗೂ ಬಂತು. 1998ರ ಹೊತ್ತಿಗೆ ದ್ವೀಪದಲ್ಲಿ ಉಳಿದ ಕೆಂಪಳಿಲು ಸುಮಾರು 40. ಅದೂ ಒಂದೇ ಕಾಡಿನಲ್ಲಿ.

ಆ ವರ್ಷ ಅಲ್ಲಿ ಬೂದಳಿಲು ಹಿಡಿಯುವ ಕೆಲಸ ಶುರುವಾಯಿತು. ಬೋನು ಇಡುವುದು, ದಿನಾ ಹೋಗಿ ನೋಡುವುದು, ಕೆಂಪು ಸಿಕ್ಕಿದರೆ ಬಿಡುವುದು, ಬೂದು ಸಿಕ್ಕಿದರೆ ಕೊಲ್ಲುವುದು. ಶನಿವಾರ ಭಾನುವಾರ ಬಿಡುವು ಮಾಡಿಕೊಂಡು ಬರುವ ಸಾಮಾನ್ಯ ಜನರೂ ಇದಕ್ಕೆ ಕೈಜೋಡಿಸಿದರು. ನಮ್ಮಲ್ಲಿ ಅಳಿಲು ಸೇವೆ ಅಂದರೆ ಸೇತುವೆಗೆ ಮರಳು ಹೊರುವುದು. ಅಲ್ಲಿನ ಅಳಿಲು ಸೇವೆಯಲ್ಲಿ ಅಳಿಲಿನ ತಲೆಗೆ ಪೆಟ್ಟು ಕೊಡುವುದೂ ಸೇರಿದೆ, ಸೇತುವೆ ದಾಟಿ ಬರುವುದನ್ನು ತಡೆಯುವುದೂ ಸೇರಿದೆ. ಇದನ್ನು ಸಿಹಿ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ.

ಆರು ಸಾವಿರಕ್ಕೂ ಹೆಚ್ಚು ಬೂದಳಿಲು ಹೋದವು. 2015ರಲ್ಲಿ ದ್ವೀಪ ಬೂದಳಿಲಿನಿಂದ ಮುಕ್ತ ಅಂತ ಹೇಳಿದರು. 40 ಇದ್ದ ಕೆಂಪು 700ರ ಗಡಿ ದಾಟಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಲೆಕ್ಕ. ಶುರುವಿನಲ್ಲಿ ಹಿಡಿದ ಬೂದಳಿಲುಗಳಲ್ಲಿ 70% ರಕ್ತದಲ್ಲಿ ಸಿಡುಬಿನ ವೈರಸ್ಸು ತಗುಲಿದ ಗುರುತಿತ್ತು. ಸಂಖ್ಯೆ ಇಳಿಯುತ್ತಾ ಹೋದಂತೆ ಅದು 4%ಗೆ ಬಂತು. ಅಂದರೆ ಪೂರ್ತಿ ಮುಗಿಸುವ ಮೊದಲೇ, ಬೂದಳಿಲು ಚೆದುರಿದಂತೆ ಇದ್ದರೂ ರೋಗ ಹರಡಲು ಆಸ್ಪದ ಸಿಗುವುದಿಲ್ಲ. ಒಂದೂ ಬಿಡದೆ ಕೊಲ್ಲಲಾಗದ ದೊಡ್ಡ ಪ್ರದೇಶಗಳಿಗೆ ಇದು ದಾರಿ ತೋರಿಸುವ ವಿಷಯ.

ಬ್ರಿಟನ್ನಿನ ಪತ್ರಿಕೆಗಳು ಇದನ್ನು ಯುದ್ಧ ಅಂತ ಬರೆಯುತ್ತವೆ. ಆ ಹೋಲಿಕೆ ನನಗೆ ಸರಿ ಕಾಣುವುದಿಲ್ಲ. ಯುದ್ಧಕ್ಕೆ ಒಂದು ಕೊನೆ ದಿನ ಇರುತ್ತದೆ. ಇದು ಕಳೆ ಕೀಳುವ ಕೆಲಸ. ಈ ಮಳೆಗಾಲ ಕಿತ್ತಿರಿ, ಮುಂದಿನ ಮಳೆಗಾಲ ಮತ್ತೆ ಕೀಳಬೇಕು. ಬಂಡೀಪುರದಲ್ಲಿ ಲಂಟಾನ ಕೀಳುವವರನ್ನು ಕೇಳಿದರೆ ಗೊತ್ತಾಗುತ್ತದೆ. ಅದನ್ನೂ ಅಮೆರಿಕ ಖಂಡದಿಂದ ಅಲಂಕಾರಕ್ಕೆಂದೇ ತಂದದ್ದು.

ಕೋರ್ಟಿಗೆ ಹೋದ ಅಳಿಲು

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇಟಲಿ ನೋಡಬೇಕು. 1948ರಲ್ಲಿ ಟ್ಯೂರಿನ್ ಹತ್ತಿರದ ಸ್ಟುಪಿನಿಜಿಯಲ್ಲಿ ಎರಡು ಜೋಡಿ ಬೂದಳಿಲು ಬಿಟ್ಟರು. ಹಲವು ವರ್ಷ ಅವು ಅಲ್ಲೇ ಇದ್ದವು. 1997ರಲ್ಲಿ, ಇನ್ನೂ ಜಾಗ ಸಣ್ಣದಾಗಿದ್ದಾಗ, ರಾಕೊನಿಜಿಯ ಒಂದು ಪಾರ್ಕಿನಲ್ಲಿ ಪ್ರಯೋಗವಾಗಿ ಅವುಗಳನ್ನು ಹಿಡಿದು, ಅರಿವಳಿಕೆ ಕೊಟ್ಟು ಕೊಲ್ಲಲು ಶುರು ಮಾಡಿದರು. ಪ್ರಾಣಿದಯೆಯ ಸಂಘಟನೆಗಳು ಕೋರ್ಟಿಗೆ ಹೋದವು. ಕೆಲಸ ನಿಂತಿತು. ಅಧಿಕಾರಿಗಳ ಮೇಲೆ ಕೇಸು. 2000ದಲ್ಲಿ ಅವರ ತಪ್ಪಿಲ್ಲ ಅಂತ ತೀರ್ಪಾಯಿತು. ಅಷ್ಟರಲ್ಲಿ ಅಳಿಲು ಎಷ್ಟು ದೂರ ಹೋಗಿತ್ತೆಂದರೆ ಇನ್ನು ಪೂರ್ತಿ ತೆಗೆಯುವುದು ಆಗದ ಮಾತು ಅಂತ ಕೈಬಿಟ್ಟರು. ಆ ಕಡೆ ಆಲ್ಪ್ಸ್, ಅದರಾಚೆ ಫ್ರಾನ್ಸ್, ಸ್ವಿಟ್ಜರ್‌ಲೆಂಡ್.

ಕೋರ್ಟಿಗೆ ಹೋದವರನ್ನು ಮೂರ್ಖರು ಅನ್ನಲು ನನಗೆ ಮನಸ್ಸಿಲ್ಲ. ಅವರ ಕಣ್ಣಿಗೆ ಕಂಡದ್ದು ಕೊಲ್ಲಲಿರುವ ಒಂದು ಅಳಿಲು, ಅದು ನಿಜ. ಕಾಣದೇ ಹೋದದ್ದು ಮುಂದೆ ಹುಟ್ಟದೇ ಹೋಗುವ ಕೆಂಪು ಮರಿಗಳು, ಮತ್ತು ತಡವಾದದ್ದಕ್ಕೆ ಮುಂದೆ ಕೊಲ್ಲಬೇಕಾಗಿ ಬರುವ ಸಾವಿರಾರು ಬೂದಳಿಲು. ದಯೆಯ ಲೆಕ್ಕದಲ್ಲೂ ತಡ ಮಾಡುವುದು ದುಬಾರಿ.

ಬ್ರಿಟನ್ನಿನಲ್ಲಿ ಈಗ ಬೋನಿಗೆ ಬಿದ್ದ ಬೂದಳಿಲನ್ನು ಮತ್ತೆ ಕಾಡಿಗೆ ಬಿಡುವುದು ಅಪರಾಧ. ಗಾಯಗೊಂಡು ಬಂದದ್ದನ್ನು ವಾಸಿ ಮಾಡಿದ ಮೇಲೂ ಬಿಡುವ ಹಾಗಿಲ್ಲ ಅಂತ 2019ರಲ್ಲಿ ನಿಯಮ ಬಿಗಿಯಾಯಿತು. ತಾಯಿ ಸತ್ತ ಮರಿಗೆ ಹಾಲು ಹಾಕಿ ಬೆಳೆಸಿದ ಆಶ್ರಯ ಕೇಂದ್ರದವರಿಗೆ ಇದು ಕರುಳು ಹಿಂಡುವ ನಿಯಮ. ಪಾರ್ಕಿನಲ್ಲಿ ಮಕ್ಕಳು ಕಡಲೆ ತಿನ್ನಿಸುವುದೂ ಅದೇ ಅಳಿಲಿಗೆ. ನಗರದ ಮಗುವಿಗೆ ಕಾಡುಪ್ರಾಣಿ ಅಂದರೆ ಬೂದಳಿಲೇ. ಅದನ್ನು ಕೊಲ್ಲಬೇಕು ಅಂದರೆ ಆ ಮಗು ಒಪ್ಪುತ್ತದೆಯಾ?

ಮರೆತುಹೋಗಿದ್ದ ಬೇಟೆಗಾರ

ಇಷ್ಟೆಲ್ಲದರ ನಡುವೆ ಐರ್ಲೆಂಡಿನ ಮಧ್ಯಭಾಗದ ಜನ ಒಂದು ವಿಚಿತ್ರ ಹೇಳತೊಡಗಿದರು. ಯಾರೂ ಬೋನಿಡದಿದ್ದರೂ ಬೂದಳಿಲು ಕಾಣುತ್ತಿಲ್ಲ, ಕೆಂಪು ವಾಪಸ್ ಬಂದಿದೆ. ಎಮ್ಮಾ ಶೀಹಿ ಮತ್ತು ಕಾಲಿನ್ ಲಾಟನ್ ಅನ್ನುವ ಸಂಶೋಧಕರು ಹುಡುಕಿದಾಗ ಆ ಕಾಡುಗಳಲ್ಲೆಲ್ಲ ಪೈನ್ ಮಾರ್ಟನ್ ಇತ್ತು. 2014ರಲ್ಲಿ ಅವರ ವರದಿ ಬಂತು. 2018ರಲ್ಲಿ ಸ್ಕಾಟ್ಲೆಂಡಿನಲ್ಲೂ ಅದೇ ಕಂಡಿತು: ಮಾರ್ಟನ್ ಜಾಸ್ತಿ ಇದ್ದಲ್ಲಿ ಬೂದು ಕಡಿಮೆ, ಕೆಂಪು ಜಾಸ್ತಿ.

ಮಾರ್ಟನ್ ಅಂದರೆ ನೀರುನಾಯಿಯ ಕುಟುಂಬದ, ಬೆಕ್ಕಿನಷ್ಟು ದೊಡ್ಡ, ಮರ ಹತ್ತುವ ಬೇಟೆಗಾರ. ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ, ಕುತ್ತಿಗೆ ಹಳದಿಯ ನೀಲಗಿರಿ ಮಾರ್ಟನ್ ಇದರ ದೂರದ ಅಣ್ಣತಮ್ಮ. ಕೋಳಿ, ಬೇಟೆಹಕ್ಕಿಗಳನ್ನು ತಿನ್ನುತ್ತದೆ ಅಂತ ಬ್ರಿಟನ್ನಿನಲ್ಲಿ ಅದನ್ನು ಕೊಂದು ಕೊಂದು, 20ನೇ ಶತಮಾನದ ಶುರುವಿಗೆ ಮುಖ್ಯವಾಗಿ ಸ್ಕಾಟ್ಲೆಂಡಿನ ವಾಯುವ್ಯ ಮೂಲೆಯಲ್ಲಿ ಮಾತ್ರ ಉಳಿಸಿದ್ದರು. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಅದು ನಿಧಾನಕ್ಕೆ ಹಿಂತಿರುಗುತ್ತಿದೆ.

ಮಾರ್ಟನ್ ಎರಡೂ ಅಳಿಲನ್ನು ತಿನ್ನುತ್ತದೆ. ಆದರೆ ಕೆಂಪಳಿಲು ಸಾವಿರಾರು ವರ್ಷ ಅದರ ಜೊತೆಗೇ ಬಾಳಿದೆ. ಮಾರ್ಟನ್ ವಾಸನೆ ಸವರಿದ ಜಾಗದಲ್ಲಿ ಊಟ ಇಟ್ಟರೆ ಕೆಂಪು ಹಿಂಜರಿಯುತ್ತದೆ, ಬೂದು ನೇರ ಬಂದು ತಿನ್ನುತ್ತದೆ. ಪ್ರಯೋಗದಲ್ಲಿ ಇದು ಕಂಡಿದೆ. ಅಮೆರಿಕದಲ್ಲಿ ಕಲಿಯದ ಪಾಠ ಅದು. ಜೊತೆಗೆ ಬೂದು ದಪ್ಪ, ನೆಲದ ಮೇಲೆ ಓಡಾಡುವುದು ಜಾಸ್ತಿ, ಹಿಡಿಯಲು ಸುಲಭ.

ಈ ಸುದ್ದಿ ಬಂದಾಗ ಎಲ್ಲರಿಗೂ ಖುಷಿಯೋ ಖುಷಿ. ಸಂಬಳ ಕೇಳದ, ರಜಾ ಹಾಕದ ಕೆಲಸಗಾರ ಸಿಕ್ಕ ಹಾಗಾಯಿತು. 2015ರಿಂದ 2017ರವರೆಗೆ ಸ್ಕಾಟ್ಲೆಂಡಿನ 51 ಮಾರ್ಟನ್‌ಗಳನ್ನು ಮಧ್ಯ ವೇಲ್ಸ್‌ಗೆ ತಂದು ಬಿಟ್ಟರು. ಮುಂದೆ ಇಂಗ್ಲೆಂಡಿನ ಡೀನ್ ಕಾಡಿಗೆ, 2024ರಲ್ಲಿ ಅಲ್ಲಿನ ಡೆವನ್‌ಗೂ. ನಾನೂ ಖುಷಿಪಟ್ಟವನೇ. ಆದರೆ ಉತ್ತರ ಐರ್ಲೆಂಡಿನಲ್ಲಿ ನಡೆದ ಮುಂದಿನ ಅಧ್ಯಯನಗಳು ಸ್ವಲ್ಪ ತಣ್ಣೀರು ಎರಚಿದವು. ಮಾರ್ಟನ್ ಊರಿನೊಳಗೆ ಬರುವುದಿಲ್ಲ. ಹಾಗಾಗಿ ಪಾರ್ಕು, ಹಿತ್ತಲು, ನಗರದ ಮರಗಳು ಬೂದಳಿಲಿನ ಸುರಕ್ಷಿತ ತಾಣಗಳಾಗಿ ಉಳಿಯುತ್ತವೆ. ಇನ್ನೊಂದು ಕಡೆ, ಬೇರೆ ಆಹಾರ ಕಡಿಮೆ ಇರುವ, ಹೊರದೇಶದ ಕೋನಿಫರ್ ಮರಗಳ ತೋಪುಗಳಲ್ಲಿ ಮಾರ್ಟನ್ ಕೆಂಪನ್ನೂ ಕಡಿಮೆ ಮಾಡಬಲ್ಲದು. ಕೆಂಪಿಗೆ ಆಸರೆಯಾದ ಅದೇ ಸಿಟ್ಕಾ ತೋಪುಗಳು! ಮಾರ್ಟನ್ ಕೆಲಸ ಮಾಡಬೇಕಾದರೆ ಬಗೆಬಗೆಯ ಮರಗಳ ಕಾಡು ಬೇಕು. ಅಂಥ ಕಾಡು ಬೂದಿಗೂ ಇಷ್ಟ. ಎಳೆ ಎಳೆದರೆ ಮತ್ತೆ ಅದೇ ಗಂಟು.

ದುಡ್ಡು ನಿಂತ ದಿನ

ಕೊಲ್ಲದೆ ಕಡಿಮೆ ಮಾಡುವ ಪ್ರಯತ್ನವೂ ನಡೆದಿದೆ. ಸರ್ಕಾರಿ ವಿಜ್ಞಾನಿಗಳು ಬಾಯಿ ಮೂಲಕ ಕೊಡುವ ಸಂತಾನ ನಿಯಂತ್ರಣದ ಔಷಧಿ ತಯಾರಿಸುತ್ತಿದ್ದಾರೆ. ಹೇಜಲ್ ಬೆಣ್ಣೆಯಂಥ ತಿನಿಸಿನಲ್ಲಿ ಬೆರೆಸಿ ಪೆಟ್ಟಿಗೆಯಲ್ಲಿಡುವುದು. ಕೆಂಪು ತಿನ್ನಬಾರದು, ಅದಕ್ಕೆ ಪೆಟ್ಟಿಗೆಯ ಬಾಗಿಲು ತೂಕದ ಮೇಲೆ ಕೆಲಸ ಮಾಡುವ ಹಾಗೆ ಮಾಡಿದ್ದಾರೆ. ಹಗುರ ಅಳಿಲು ಬಂದರೆ ತೆರೆಯುವುದಿಲ್ಲ, ಭಾರದ್ದು ಬಂದರೆ ತೆರೆಯುತ್ತದೆ. ಉಪಾಯ ಚೆನ್ನಾಗಿದೆ. ಕೆಲಸ 2017ರ ಸುಮಾರಿಗೇ ಶುರುವಾದದ್ದು, ಊರೂರಿಗೆ ತಲುಪಲು ಇನ್ನೂ ಸಮಯ ಬೇಕು. ತಲುಪಿದರೂ ಪೆಟ್ಟಿಗೆ ತುಂಬಿಸಲು ವರ್ಷ ವರ್ಷ ಯಾರಾದರೂ ಕಾಡಿಗೆ ಹೋಗಲೇಬೇಕು.

ಹಾಗೆ ಹೋಗುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಈ ಕೆಲಸದ ದೊಡ್ಡ ಪಾಲು ನಡೆದಿರುವುದು ಲಾಟರಿ ನಿಧಿ, ಯುರೋಪಿಯನ್ ಒಕ್ಕೂಟದ ಅನುದಾನ, ಟ್ರಸ್ಟುಗಳ ದೇಣಿಗೆಯಿಂದ. 'ರೆಡ್ ಸ್ಕ್ವಿರಲ್ಸ್ ಯುನೈಟೆಡ್' ಅನ್ನುವ ದೊಡ್ಡ ಯೋಜನೆ ಹಾಗೆ ನಾಲ್ಕೈದು ವರ್ಷ ನಡೆದು ಮುಗಿಯಿತು. ಯೋಜನೆ ಅಂದರೆ ಅದಕ್ಕೊಂದು ಶುರು, ಒಂದು ಕೊನೆ, ಒಂದು ವರದಿ. ಬೂದಳಿಲಿಗೆ ಆ ವರದಿಯ ತಾರೀಕು ಗೊತ್ತಿಲ್ಲ. ಅದು ವರ್ಷಕ್ಕೆ ಎರಡು ಸೂಲು ಮರಿ ಹಾಕುತ್ತದೆ. ಐದು ವರ್ಷ ಕಷ್ಟಪಟ್ಟು ಖಾಲಿ ಮಾಡಿದ ಕಾಡಿನಲ್ಲಿ ಎರಡು ವರ್ಷ ಬೋನು ಇಡದಿದ್ದರೆ ಹಿಂದಿನ ಖರ್ಚೆಲ್ಲ ನೀರಿನಲ್ಲಿ ಹೋಮ.

ಆಂಗಲ್‌ಸೀ ಕೂಡ ಇದರಿಂದ ಹೊರತಲ್ಲ. ದ್ವೀಪ ಸ್ವಚ್ಛವಾದ ಮೇಲೆ ಕೆಲವು ಕೆಂಪಳಿಲುಗಳು ತಾವಾಗಿಯೇ ಸೇತುವೆಯ ಕಡೆಯಿಂದ ಆಚೆ ದಡದ ಗ್ವಿನೆಡ್ ಕಾಡುಗಳಿಗೂ ಹಬ್ಬಿದವು. ಸಂತೋಷದ ಸುದ್ದಿಯಾಗಿತ್ತು ಅದು. 2020ರ ಚಳಿಗಾಲದಲ್ಲಿ ಅಲ್ಲಿನ ಬ್ಯಾಂಗರ್ ಊರಿನ ಸುತ್ತ ಸಿಡುಬು ಕಾಣಿಸಿಕೊಂಡು ಆ ದಡದ ಕೆಂಪಳಿಲುಗಳಲ್ಲಿ ಬಹುಪಾಲು ಸತ್ತವು. ನಡುವೆ ಇರುವುದು ಕಿರಿದಾದ ನೀರು, ಎರಡು ಸೇತುವೆ. ಸೇತುವೆಯ ಈ ಬದಿಯಲ್ಲಿ ಈಗಲೂ ಕ್ಯಾಮೆರಾ ನೋಡುವವರು ಇದ್ದಾರೆ, ಹಿತ್ತಲಿಗೆ ಬೂದು ಬಣ್ಣದ್ದು ಏನಾದರೂ ಬಂದರೆ ಕೂಡಲೇ ಫೋನ್ ಮಾಡುವ ಮನೆಗಳಿವೆ.